ರಂಗೂನ್ ಪಂಡಿತರ ರೇವಲಚಿನ್ನಿ

ಅಪ್ಪನಿಗೆ, ಮುಂಡಾಜೆಯಿಂದ ನಿಮ್ಮ ಮಗಳು ಸುಮತಿ ಬರೆಯುವುದು.

ನಾವು ಮನೆಯಲ್ಲಿ ಆಡಿದ್ದೆಲ್ಲ ತುಳು. ಆದರೆ ಬರೆಯಲು ಕೂತರೆ ನನಗೆ ಶಾಲೆಯ ಕನ್ನಡವೇ ಕೈಗೆ ಬರುವುದು, ಬೇಸರ ಮಾಡಬೇಡಿ. ನೀವು ಹೋಗಿ ನಾಲ್ಕು ವರ್ಷವಾಯಿತು. ಇಷ್ಟು ದಿನ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಿದ್ದಾಳೆ ಎಂದು ನಿಮಗೆ ಸಂಶಯ ಬಂದಿರಬೇಕು. ನಿಮಗೆ ಸಂಶಯ ಬಾರದ ವಿಷಯ ಯಾವುದಿತ್ತು? ಹಾಲಿನವಳು ಬಂದರೆ ಚೊಂಬಿಗೆ ಬೆರಳು ಅದ್ದಿ ನೋಡುತ್ತಿದ್ದಿರಿ. ಟಪಾಲಿನವ ಕೊಟ್ಟ ಲಕೋಟೆಯನ್ನು ಬೆಳಕಿಗೆ ಹಿಡಿದು, ದಾರಿಯಲ್ಲಿ ಯಾರಾದರೂ ಬಿಚ್ಚಿ ಪುನಃ ಅಂಟಿಸಿದ್ದಾರಾ ಎಂದು ನೋಡುತ್ತಿದ್ದಿರಿ. ಆ ಬುದ್ಧಿ ನನಗೂ ಬಂದಿದೆ. ನನ್ನ ಕ್ಲಾಸಿನ ಮಕ್ಕಳು ಹೊಟ್ಟೆನೋವು ಎಂದರೆ ನಾನು ಮೊದಲು ನಾಲಿಗೆ ತೋರಿಸಲು ಹೇಳ್ತೇನೆ, ಆಮೇಲೆ ನಂಬ್ತೇನೆ.

ಏಳನೇ ಕ್ಲಾಸಿನಲ್ಲಿದ್ದಾಗ ಗಂಜಿಯ ತಿಳಿ ಬಸಿಯಲು ಹೋಗಿ ನನ್ನ ಎಡಗೈ ಬೆಂದದ್ದು ನಿಮಗೆ ನೆನಪುಂಟಾ? ಅಮ್ಮ ಬೊಬ್ಬೆ ಹಾಕುತ್ತಿದ್ದರು. ನೀವು ಮಾತಾಡದೆ ಕಪಾಟಿನಿಂದ ಹಳದಿ ಬೇರಿನ ಒಂದು ತುಂಡು ತೆಗೆದು, ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಎಳ್ಳೆಣ್ಣೆಯಲ್ಲಿ ಕಲಸಿ ಹಚ್ಚಿದಿರಿ. ಉರಿ ಇಳಿಯಿತು. ಕಲೆ ಕೂಡ ಉಳಿಯಲಿಲ್ಲ. ಆವತ್ತು ನಾನು ಮೊದಲ ಸಲ ಕೇಳಿದ್ದು, "ಇದು ಎಂಥ ಬೇರು ಅಪ್ಪ?" "ರೇವಲಚಿನ್ನಿ" ಎಂದಿರಿ. "ಚೀನಾದವರು ಇದನ್ನು ಸೇನಾಪತಿ ಎಂದು ಕರೀತಾರೆ. ಹೊಟ್ಟೆಯೊಳಗೆ ನುಗ್ಗಿ ಕೆಟ್ಟದ್ದನ್ನೆಲ್ಲ ಓಡಿಸ್ತದೆ. ಆದರೆ ಸೇನಾಪತಿಯ ಹಗ್ಗ ನಮ್ಮ ಕೈಯಲ್ಲಿರಬೇಕು, ತಪ್ಪಿದರೆ ಅವ ನಮ್ಮ ಊರನ್ನೇ ಸುಡ್ತಾನೆ."

ಮಹಾಯುದ್ಧಕ್ಕೆ ಮುಂಚೆ ನೀವು ರಂಗೂನಿನಲ್ಲಿ ಒಬ್ಬ ಚೀನಾದ ವೈದ್ಯರ ಅಂಗಡಿಯಲ್ಲಿ ಹನ್ನೊಂದು ವರ್ಷ ಬೇರು ಕೊಯ್ದವರು. ಬಾಂಬು ಬಿದ್ದಾಗ ನಡೆದು, ರೈಲಿನಲ್ಲಿ, ಮತ್ತೆ ನಡೆದು ಬಂಟ್ವಾಳ ಸೇರಿದವರು. ಊರಿನವರು ನಿಮಗೆ ರಂಗೂನ್ ಪಂಡಿತರು ಎಂದು ಹೆಸರಿಟ್ಟದ್ದು ಅರ್ಧ ಗೌರವದಿಂದ, ಅರ್ಧ ಅನುಮಾನದಿಂದ. ಯಾಕೆಂದರೆ ಉಳಿದ ವೈದ್ಯರು ಸೊಪ್ಪು ಅರೆದು ಕೊಡುವಾಗ ನೀವು ಒಂದೇ ಬೇರನ್ನು ನಾಲ್ಕು ಥರ ಮಾಡುತ್ತಿದ್ದಿರಿ. ಮಲಬದ್ಧತೆ ಗಟ್ಟಿಯಾಗಿದ್ದರೆ ಹಸಿ ಬೇರು, ಅದೂ ಕಷಾಯ ಇಳಿಸುವ ಹೊತ್ತಿಗೆ ಹಾಕಿ ಎರಡು ಕುದಿ. ಹೆಚ್ಚು ಕುದಿಸಿದರೆ ಅದರ ಹಲ್ಲು ಮೊಂಡಾಗ್ತದೆ ಎನ್ನುತ್ತಿದ್ದಿರಿ. ಮುದುಕರಿಗೆ, ಬಡಕಲು ಮೈಯವರಿಗೆ, ಸಾರಾಯಿಯಲ್ಲಿ ನೆನೆಸಿ ಹಬೆಯಲ್ಲಿ ಬೇಯಿಸಿ ಒಣಗಿಸಿ, ಪುನಃ ಬೇಯಿಸಿ ಒಣಗಿಸಿ, ಕಪ್ಪಾದದ್ದು. ರಕ್ತ ಬೀಳುವವರಿಗೆ ಹುರಿದು ಕರಕು ಮಾಡಿದ್ದು. ಕಾಮಾಲೆಗೆ ಬೇರೆ ಎರಡು ಬೇರಿನ ಜೊತೆ. ಬಸುರಿಯರಿಗೆ, ಮೊಲೆಯೂಡುವವರಿಗೆ ಮಾತ್ರ ಕಪಾಟಿನ ಬಾಗಿಲೂ ತೆರೆಯುತ್ತಿರಲಿಲ್ಲ. ಪಾನನಿರೋಧದ ಕಾಲದಲ್ಲಿ ಆ ಸಾರಾಯಿಗಾಗಿ ಅಮ್ಮ ಎಷ್ಟು ಹೆದರಿದ್ದರು. ಹಬೆಯ ವಾಸನೆ ಬೀದಿಗೆ ಹೋಗಬಾರದೆಂದು ಅಡಿಗೆಮನೆಯ ಕಿಟಕಿಗೆ ಗೋಣಿ ತುರುಕುತ್ತಿದ್ದರು.

ಕಾಮತ್ ಮಾಮನ ಅಂಗಡಿಗೆ ನೀವು ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದ ಶನಿವಾರಗಳು ನನಗೆ ಈಗಲೂ ಕಣ್ಣಮುಂದೆ ಉಂಟು. ಬಂಟ್ವಾಳ ಪೇಟೆಯಲ್ಲಿ ಗಂಧಿಗೆ ಸಾಮಾನಿಗೆ, ಔಷಧಿಯ ಬೇರು-ನಾರಿಗೆ, ಅವರದ್ದೇ ಅಂಗಡಿ. ಪುಂಡಲೀಕ ಕಾಮತರು ಗೋಣಿಯ ಮೇಲೆ ಕೂತು, ನಿಮ್ಮನ್ನು ಕಂಡ ಕೂಡಲೇ ಒಳಗಿನ ತಗಡಿನ ಡಬ್ಬಿಗೆ ಕೈ ಹಾಕುತ್ತಿದ್ದರು. ನೀವು ತುಂಡನ್ನು ಮುರಿದು ಒಳಗಿನ ನಕ್ಷತ್ರದಂಥ ಗೆರೆ ನೋಡಿ, ಮೂಸಿ, ಕೊನೆಗೆ ಹಲ್ಲಿನಲ್ಲಿ ಕಚ್ಚುತ್ತಿದ್ದಿರಿ. ಅಸಲು ಬೇರು ಹಲ್ಲಿನ ನಡುವೆ ಮರಳಿನ ಹಾಗೆ ಕರಕರ ಎನ್ನಬೇಕು, ಎಂಜಲು ಹಳದಿಯಾಗಬೇಕು. ಬೇರೆ ವ್ಯಾಪಾರಿಗಳು ಸಹ ತಮ್ಮ ಮಾಲನ್ನು ನಿಮ್ಮ ಹತ್ತಿರ ತಂದು "ಪಂಡಿತರ ಹಲ್ಲಿಗೆ ಒಮ್ಮೆ ಕೊಡುವ" ಎನ್ನುತ್ತಿದ್ದರು. ತಮ್ಮ ಬೇರಿಗೆ ನೀವು ತಲೆದೂಗಿದರೆ ಕಾಮತ್ ಮಾಮನ ಮುಖ ಅರಳುತ್ತಿತ್ತು. ಇಬ್ಬರೂ ಒಂದೇ ಬೀಡಿಯಿಂದ ಬೆಂಕಿ ಹಚ್ಚಿಕೊಳ್ಳುತ್ತಿದ್ದಿರಿ.

ಯಾವಾಗಿನಿಂದ ನಿಮ್ಮ ಹುಬ್ಬು ಗಂಟಾಗತೊಡಗಿತು? ನಾನು ಟೀಚರ್ ಟ್ರೈನಿಂಗ್ ಮುಗಿಸಿ ಮಂಗಳೂರಿನಿಂದ ಬಂದ ವರ್ಷ ಇರಬೇಕು. ಶನಿವಾರ ಅಂಗಡಿಯಿಂದ ಬಂದು ಬೇರನ್ನು ಪುನಃ ಪುನಃ ಕಚ್ಚಿ ಉಗುಳುತ್ತಿದ್ದಿರಿ. "ಏನೋ ಉಂಟು. ಇದರಲ್ಲಿ ಏನೋ ಉಂಟು" ಎನ್ನುತ್ತಿದ್ದಿರಿ. ಹಳದಿ ಬರ್ತದಲ್ಲ ಎಂದು ನಾನು ಹೇಳಿದರೆ, ಅರಸಿನ ಬೆರೆಸಿದರೆ ಗೋಡೆಯೂ ಹಳದಿಯಾಗ್ತದೆ ಎಂದಿರಿ. ಗೆರೆ ಉಂಟಲ್ಲ ಎಂದರೆ, ಗೆರೆ ಇರುವ ಬೇರೆ ಬೇರುಗಳೂ ಉಂಟು ಎಂದಿರಿ. ಆಮೇಲೆ ಚೀನಾ ಯುದ್ಧ ಬಂತು. ಆ ದೇಶದ ಮಾಲು ನಿಂತಿತು. ಕಾಮತ್ ಮಾಮನ ಡಬ್ಬಿ ಮಾತ್ರ ಖಾಲಿಯಾಗಲಿಲ್ಲ. ನಿಮಗೆ ಅಷ್ಟು ಸಾಕಾಯಿತು. "ಎಲ್ಲರ ಹತ್ತಿರ ಮುಗಿದದ್ದು ಇವನ ಹತ್ತಿರ ಹೇಗೆ ಉಂಟು, ಹೇಳು ನೋಡುವ?"

ದೇವಕಿಯಕ್ಕ ನಮ್ಮ ಜಗಲಿಗೆ ಬಂದದ್ದು ಮರುವರ್ಷದ ಬೇಸಗೆಯಲ್ಲಿ. ನಮ್ಮ ಹಿಂದಿನ ಓಣಿಯ ಬೀಡಿ ಕಟ್ಟುವ ಹೆಂಗಸು, ಮೂರು ಮಕ್ಕಳ ತಾಯಿ, ಬೆಳಿಗ್ಗಿನಿಂದ ಸಂಜೆವರೆಗೆ ಮಡಿಲಲ್ಲಿ ಬೀಡಿಯೆಲೆಯ ಮೊರ ಇಟ್ಟು ಕೂತೇ ಇರುವವರು. ಆರು ದಿನದಿಂದ ಹೊಟ್ಟೆ ಕಟ್ಟಿತ್ತು, ಜ್ವರವೂ ಇತ್ತು. ಬೇರು ಕುಟ್ಟಿದವಳು ನಾನು. ನೀವು ಸಣ್ಣ ತಕ್ಕಡಿಯಲ್ಲಿ ತೂಗುವಾಗ ನಾನು ನೋಡಿದೆ. ಎಂದಿನದ್ದಕ್ಕೆ ಎರಡು ಪಾಲು ಇತ್ತು. "ಹೆಚ್ಚಾಗ್ಲಿಲ್ವಾ ಅಪ್ಪ?" ಎಂದೆ. "ಅರ್ಧ ಸುಳ್ಳಿರುವ ಬೇರಿಗೆ ಎರಡು ಪಾಲು ಹಾಕದಿದ್ದರೆ ಕೆಲಸ ಮಾಡ್ತದಾ?" ಎಂದಿರಿ. ನಾನು ಕುಟ್ಟಾಣಿ ತೊಳೆಯಲು ಹೋದೆ. ಮಾರನೆಯ ದಿನ ಮಧ್ಯಾಹ್ನ ಅವರನ್ನು ಚಾಪೆಯ ಸಮೇತ ಎತ್ತಿ ಆಸ್ಪತ್ರೆಗೆ ಒಯ್ದರು. ಮೈಯಲ್ಲಿ ನೀರೇ ಉಳಿದಿರಲಿಲ್ಲ, ಕಣ್ಣು ಗುಳಿಬಿದ್ದಿತ್ತು. ಮೂರು ದಿನ ನರಕ್ಕೆ ನೀರು ಏರಿಸಿದರು. ಬದುಕಿದರು. ಆದರೆ ಆ ಮೂರು ದಿನ ನೀವು ಅನ್ನ ಮುಟ್ಟಲಿಲ್ಲ, ಮಾತಾಡಲಿಲ್ಲ. ಆಗ ನಿಮ್ಮ ತಲೆಯಲ್ಲಿ ಏನಿತ್ತು? ಭಯವಾ, ಅಥವಾ...

ನಾಲ್ಕನೆಯ ದಿನ ನೀವು ಕಾಮತ್ ಮಾಮನ ಅಂಗಡಿಗೆ ಹೋದಿರಿ. ನಾನೂ ಹಿಂದೆ ಬಂದೆ. ಪೇಟೆಯ ಹೊತ್ತು, ಜನ ತುಂಬಿತ್ತು. ನೀವು ಬೇರಿನ ಗಂಟನ್ನು ಅವರ ಮುಂದಿನ ಹಲಗೆಯ ಮೇಲೆ ಎಸೆದು, "ಇದು ರೇವಲಚಿನ್ನಿ ಅಲ್ಲ, ವಿಷ. ಮೂರು ಮಕ್ಕಳ ತಾಯಿಯನ್ನು ಕೊಲ್ಲಲಿಕ್ಕೆ ಹೊರಟಿದ್ದಿ" ಎಂದಿರಿ. ಕಾಮತ್ ಮಾಮ ಎದ್ದು ನಿಂತರು. ದನಿ ಏರಿಸಲಿಲ್ಲ. "ಪಂಡಿತರೇ, ಒಳಗೆ ಬನ್ನಿ. ಕೂತು ಮಾತಾಡುವ" ಎಂದರು. ನೀವು ಕೂರಲಿಲ್ಲ. ಮರುದಿನ ಅವರು ನಮ್ಮ ಜಗಲಿಯ ಮೆಟ್ಟಿಲವರೆಗೆ ಬಂದರು. ನೀವು ಒಳಗಿನಿಂದ ಬಾಗಿಲು ಹಾಕಿಕೊಂಡಿರಿ. ಆಮೇಲೆ ಊರು ಉಳಿದ ಕೆಲಸ ಮಾಡಿತು. ಕಲಬೆರಕೆ ಎಂದವರು ಕೆಲವರು. ಯುದ್ಧದ ನಂತರವೂ ಚೀನಾದ ಮಾಲು ಇಟ್ಟುಕೊಂಡವನಿಗೆ ಅಲ್ಲಿ ಯಾರ ಸಂಪರ್ಕ ಉಂಟೋ ಎಂದವರು ಕೆಲವರು. ಶುಂಠಿ, ಮೆಣಸಿಗೆ ಬರುವವರೂ ನಿಂತರು. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿ, ಅವರು ಬೆಳ್ತಂಗಡಿಯ ಮಗಳ ಮನೆಗೆ ಹೋದರು. ಅದೇ ಮಳೆಗಾಲ, ಆಟಿ ತಿಂಗಳಿನಲ್ಲಿ, ನೀವು ತೀರಿಕೊಂಡಿರಿ. ಅವರು ನಿಮ್ಮನ್ನು ನೋಡಲು ಬರಲಿಲ್ಲ. ನಾನು ಅದನ್ನೂ ಅವರ ತಪ್ಪಿಗೇ ಸೇರಿಸಿದೆ. ತಪ್ಪಿಲ್ಲದವನಾದರೆ ಬರುತ್ತಿರಲಿಲ್ಲವಾ ಎಂದು.

ಈ ವರ್ಷ ದೊಡ್ಡ ರಜೆಯಲ್ಲಿ, ನಾನೂ ಅಮ್ಮನೂ ಮುಂಡಾಜೆಗೆ ಬರುವಾಗ ತಂದ ನಿಮ್ಮ ಪೆಟ್ಟಿಗೆಗೆ ಒರಲೆ ಹಿಡಿದದ್ದು ಕಂಡು ಎಲ್ಲ ಹೊರಗೆ ತೆಗೆದೆ. ತಳದಲ್ಲಿ ಒಂದು ಮೇಣಬಟ್ಟೆಯ ಪೊಟ್ಟಣ. ಮೇಲೆ ನಿಮ್ಮ ಅಕ್ಷರ, "ಕಾಮತನ ಕಳ್ಳ ಮಾಲು. ಸಾಕ್ಷಿಗೆ." ಒಳಗೆ ಎರಡು ತುಂಡು ಬೇರು. ಏನು ಬುದ್ಧಿಯೋ, ಒಂದನ್ನು ಮುರಿದು ಕಚ್ಚಿದೆ. ಕರಕರ ಎಂದಿತು. ಮಣ್ಣು ಇರಬಹುದೆಂದು ತೊಳೆದು ಪುನಃ ಕಚ್ಚಿದೆ. ಕರಕರ ಎಂದಿತು. ಅಂಗೈಗೆ ಉಗುಳಿದರೆ ಹಳದಿ.

ನಾನು ನಿಮ್ಮ ಮಗಳಲ್ಲವಾ, ನನ್ನ ಹಲ್ಲನ್ನೇ ನಂಬಲಿಲ್ಲ. ಮೂಡುಬಿದಿರೆಗೆ ಹೋದೆ. ನಮ್ಮ ಗುರುತು ಇಲ್ಲದ ಒಂದು ಗಂಧಿಗೆ ಅಂಗಡಿಯ ಮುದುಕರ ಮುಂದೆ ತುಂಡು ಇಟ್ಟು, "ಇದು ಎಂಥದ್ದು ಹೇಳ್ತೀರಾ?" ಎಂದು ಮಾತ್ರ ಕೇಳಿದೆ. ಅವರು ಮೂಸಿದರು, ಕಚ್ಚಿದರು, ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. "ಎಲ್ಲಿ ಸಿಕ್ಕಿತು ಮಾರಾಯ್ತಿ? ಚೀನಾದ ಹಳೇ ಮಾಲು ಇದು, ಅಸಲು. ಈಗ ಬರುವುದೆಲ್ಲ ಬೇರೆ. ಇನ್ನೂ ಇದ್ದರೆ ತಾ." ಹಿಂದಿರುಗುವಾಗ ಬೆಳ್ತಂಗಡಿ ದಾಟುವವರೆಗೂ ನನಗೆ ಬಸ್ಸಿನಲ್ಲಿ ಏನೂ ಕಾಣಿಸಲಿಲ್ಲ. ಹಾಗಾದರೆ ಅಪ್ಪನಿಗೆ ಗೊತ್ತಿತ್ತು, ಎಂದುಕೊಂಡೆ. ಎರಡು ಪಾಲು ಹಾಕಿದ್ದು ತಪ್ಪಾಯಿತು ಎಂದು ಒಪ್ಪಿಕೊಳ್ಳಲಾರದೆ ಗೆಳೆಯನ ತಲೆಗೆ ಕಟ್ಟಿದರು ಎಂದುಕೊಂಡೆ. ಕ್ಷಮಿಸಿ ಅಪ್ಪ. ಸುಮಾರು ಒಂದು ತಿಂಗಳು ನಾನು ನಿಮ್ಮನ್ನು ಸುಳ್ಳುಗಾರ ಎಂದೇ ತಿಳಿದಿದ್ದೆ. ನಿಮ್ಮ ಪಟಕ್ಕೆ ಹೂ ಇಡಲಿಲ್ಲ. ಅಮ್ಮ ಕೇಳಿದರೆ ಹೂ ಬಾಡಿತ್ತು ಎಂದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಬಾಯಿಗೆ ಕಲ್ಲು ಸಿಕ್ಕಿತು. ಅಕ್ಕಿಯಲ್ಲಿ ಪೂರ್ತಿ ಮರಳು. "ಅಮ್ಮ, ನೀವು ಹೇಗೆ ಉಣ್ತೀರಿ ಇದನ್ನು?" ಎಂದೆ. ಅಮ್ಮನ ಹಲ್ಲು ಹೋಗಿ ಎರಡು ವರ್ಷವಾಯಿತು, ಅದು ನಿಮಗೆ ಗೊತ್ತಿಲ್ಲ. ಅವರು ನುಣ್ಣಗೆ ಉಣ್ಣುತ್ತಾ, "ನನಗೆಂಥ ಗೊತ್ತಾಗ್ತದೆ? ಕಲ್ಲು ಸಿಗುವುದು ಹಲ್ಲಿದ್ದವರಿಗೆ" ಎಂದರು. ನನ್ನ ಕೈ ಬಾಳೆಲೆಯ ಮೇಲೆಯೇ ನಿಂತಿತು.

ನಾನು ಟ್ರೈನಿಂಗಿನಲ್ಲಿದ್ದ ವರ್ಷ ನೀವು ಮಂಗಳೂರಿಗೆ ಬಂದು ಎಲ್ಲ ಹಲ್ಲು ತೆಗೆಸಿಕೊಂಡು, ಕಟ್ಟುಹಲ್ಲಿನ ಸೆಟ್ಟು ಹಾಕಿಸಿಕೊಂಡಿರಿ. ವಸಡು ಕೊಳೆತಿತ್ತು, ಬೇರೆ ದಾರಿ ಇರಲಿಲ್ಲ. ಅಂಗುಳಕ್ಕೆ ಅಂಟಿ ರುಚಿಯನ್ನೂ ಮುಚ್ಚುವ ಆ ಕೆಂಪು ತಟ್ಟೆಯನ್ನು ನೀವು ನಮಗೆ ಒಮ್ಮೆ ಮಾತ್ರ ತೋರಿಸಿದಿರಿ. "ಈ ವಿಷಯ ಮನೆಯಿಂದ ಹೊರಗೆ ಹೋಗಬಾರದು. ಪಂಡಿತನ ಹಲ್ಲು ಸುಳ್ಳು ಎಂದು ಗೊತ್ತಾದರೆ ಔಷಧಿಯೂ ಸುಳ್ಳು ಅಂತಾರೆ" ಎಂದು ನನ್ನಿಂದ, ಅಮ್ಮನಿಂದ ಆಣೆ ಹಾಕಿಸಿದಿರಿ. ನಾವು ಕಾಪಾಡಿದೆವು. ಎಷ್ಟು ಚೆನ್ನಾಗಿ ಕಾಪಾಡಿದೆವೆಂದರೆ, ನಾವೇ ಮರೆತೆವು. ನೀವೂ ಮರೆತಿರಾ ಅಪ್ಪ? ಆ ಕಟ್ಟುಹಲ್ಲಿಗೆ ಬೇರು ಕರಕರ ಎನ್ನದಿದ್ದಾಗ, ಕಹಿ ಕಡಿಮೆ ಎನಿಸಿದಾಗ, ಒಂದೇ ಒಂದು ಸಲ ನಿಮ್ಮ ಬಾಯಿಯ ಮೇಲೆ ಸಂಶಯ ಬರಲಿಲ್ಲವಾ? ಜಗತ್ತಿನ ಎಲ್ಲದರ ಮೇಲೆ ಬಂತು, ಅದರ ಮೇಲೆ ಮಾತ್ರ...

ಬೆಳ್ತಂಗಡಿಗೆ ಹೋಗುತ್ತೇನೆ ಎಂದಾಗ ಅಮ್ಮ ಬೇಡ ಎಂದರು. "ಸತ್ತವರ ಬಾಯಿ ಬಿಡಿಸಬೇಡ ಸುಮತಿ. ಅವರ ಹೆಸರು ಒಂದು ಉಳಿದದ್ದು, ಅದೂ ಹೋಗ್ತದೆ." ನಾನು, "ಹಾಗಾದರೆ ಬದುಕಿರುವವರ ಹೆಸರು?" ಎಂದೆ. ಅಮ್ಮ ಎದ್ದು ಒಳಗೆ ಹೋದರು. ಎರಡು ದಿನ ನಾವು ಮಾತಾಡಲಿಲ್ಲ. ಮೂರನೆಯ ದಿನ ನಾನು ಚಪ್ಪಲಿ ಹಾಕುವಾಗ, "ಕೊಡೆ ತೆಗೆದುಕೊಂಡು ಹೋಗು, ಬಿಸಿಲುಂಟು" ಎಂದರು. ಅಷ್ಟೇ.

ಕಾಮತ್ ಮಾಮ ಮಗಳ ಮನೆಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ತುಂಬ ಇಳಿದಿದ್ದಾರೆ. ನನ್ನ ಗುರುತು ಸಿಕ್ಕಿದರೂ ಕೂರು ಎನ್ನಲಿಲ್ಲ.

"ಯಾಕೆ ಬಂದಿದ್ದಿ? ಏನಾಗಬೇಕಿತ್ತು?"

ನಾನು ಪೊಟ್ಟಣ ಮುಂದಿಟ್ಟೆ. ನಿಮ್ಮ ಅಕ್ಷರ ಓದಿ ಅವರ ಬಾಯಿ ಬಿಗಿಯಿತು. "ಇದನ್ನು ತೋರಿಸಲಿಕ್ಕೆ ಬಂದದ್ದಾ? ಬಂಟ್ವಾಳದಿಂದ ಓಡಿಸಿದ್ದು ಸಾಕಾಗಲಿಲ್ವಾ?"

"ಕಚ್ಚಿ ನೋಡಿ ಮಾಮ."

"ನೋಡುವುದೆಂಥದ್ದು? ಚೀನಾ ಯುದ್ಧಕ್ಕೆ ಮುಂಚೆ ಬೊಂಬಾಯಿಯಿಂದ ಒಂದು ಪೆಟ್ಟಿಗೆ ತರಿಸಿ ನಿನ್ನ ಅಪ್ಪನಿಗಾಗಿಯೇ ತೆಗೆದಿಟ್ಟದ್ದು ನಾನು. ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಆ ಮನುಷ್ಯ ಅದನ್ನೇ ವಿಷ ಎಂದ." ನನ್ನ ಮುಖ ನೋಡದೆ ಹೇಳಿದರು. "ಹೇಳ್ತೇನೆ ಕೇಳು, ಕೋಪ ಮಾಡಬೇಡ. ಅವನೇ ಒಳ್ಳೇ ಬೇರನ್ನು ಮಂಗಳೂರಿಗೆ ಮಾರಿ, ಕಸ ಹಾಕಿ, ನನ್ನ ಮೇಲೆ ಹೊರಿಸಿದ ಎಂದೇ ನಾನು ತಿಳಿದದ್ದು. ಇವತ್ತಿನವರೆಗೂ."

ಹೀಗೆ ನೀವಿಬ್ಬರೂ ಒಬ್ಬರನ್ನೊಬ್ಬರು ಕಳ್ಳ ಎಂದು ತಿಳಿದು ಕೂತಿದ್ದಿರಿ. ನಾನು ಹಲ್ಲಿನ ವಿಷಯ ಹೇಳಿದೆ. ಆಣೆ ಮುರಿದೆ. ಅವರು ಅಡಿಕೆ ಕತ್ತಿಯನ್ನು ಕೆಳಗಿಟ್ಟರು. "ಯಾವ ವರ್ಷ ತೆಗೆಸಿದ್ದು?" ಎಂದು ಕೇಳಿದರು. ಹೇಳಿದೆ. "ಪೂರ್ತಿ ಸೆಟ್ಟಾ? ಮೇಲಿನದ್ದೂ?" ಎಂದು ಪುನಃ ಕೇಳಿದರು. ಹೌದು ಎಂದೆ. ಅವರು ತುಂಡನ್ನು ತೆಗೆದುಕೊಂಡು ತಮ್ಮ ಉಳಿದ ದವಡೆಯ ಹಲ್ಲಿನಲ್ಲಿ ಕಚ್ಚಿ, ಅಂಗಳಕ್ಕೆ ಉಗುಳಿ, ಆ ಹಳದಿಯನ್ನೇ ನೋಡುತ್ತಾ ಕೂತರು. "ನನಗೊಂದು ಮಾತು ಹೇಳಬಾರದಿತ್ತಾ ಮಾರಾಯ" ಎಂದರು. ಅದು ನನಗೆ ಹೇಳಿದ್ದಲ್ಲ, ನಿಮಗೆ. ಆಮೇಲೆ ನನ್ನ ಕಡೆ ತಿರುಗಿ, "ನನಗೆ ಹೇಳಿ ಏನು ಪ್ರಯೋಜನ? ಬಂಟ್ವಾಳದಲ್ಲಿ ಹೇಳು. ಆ ಬೀಡಿ ಕಟ್ಟುವ ಹೆಂಗಸಿಗೆ ಹೇಳು" ಎಂದರು.

ಬಂಟ್ವಾಳಕ್ಕೆ ಹೋಗಿ ದೇವಕಿಯಕ್ಕನ ಮುಂದೆ ಕೂತು ಎಲ್ಲ ಹೇಳಿದೆ. ಅವರು ಎಲೆ ಕತ್ತರಿಸುತ್ತಲೇ ಪೂರ್ತಿ ಕೇಳಿದರು. ಎರಡು ಪಾಲು ತೂಗಿದ್ದು ನಾನು ನೋಡಿದ್ದೆ ಎಂಬುದನ್ನೂ ಮುಚ್ಚಿಡಲಿಲ್ಲ. ಕತ್ತರಿ ಅಲ್ಲಿಗೆ ನಿಂತಿತು.

"ಐದು ವರ್ಷ ನಾನು ಕಾಮತರ ವಂಶಕ್ಕೆ ಶಾಪ ಹಾಕಿದ್ದೇನೆ ಟೀಚರೇ" ಎಂದರು. "ನಾಳೆ ನೀರಿಗೆ ಹೋಗುವಲ್ಲಿ ಎಲ್ಲರಿಗೂ ಹೇಳ್ತೇನೆ. ನಿಮಗೆ ಬೇಜಾರಾಗ್ತದೆ. ಆದರೂ ಹೇಳ್ತೇನೆ."

"ಹೇಳಿ" ಎಂದೆ.

ಹೇಳಿದ್ದಾರೆ ಅಪ್ಪ. ಬಂಟ್ವಾಳದಲ್ಲಿ ಈಗ ನಿಮ್ಮನ್ನು ರಂಗೂನ್ ಪಂಡಿತರು ಎನ್ನುವವರು ಕಡಿಮೆ. ಹಲ್ಲಿಲ್ಲದ ಪಂಡಿತ ಎನ್ನುತ್ತಾರೆ. ನಿಮ್ಮಿಂದ ಕಾಮಾಲೆ ಗುಣವಾದವರೂ ನಗುತ್ತಾರೆ. ನಿಮ್ಮ ಹೆಸರು ಕೆಟ್ಟಿತು, ಕೆಡಿಸಿದವಳು ನಾನು. ಇದನ್ನು ಬೇರೆಯವರ ಬಾಯಿಂದ ಕೇಳಿ ನೀವು ನನ್ನ ಮೇಲೆ ಸಂಶಯಪಡುವುದು ಬೇಡ ಎಂದೇ ನಾನೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಬೆಳಿಗ್ಗೆ ಕಾಮತ್ ಮಾಮ ಮುಂಡಾಜೆಗೆ ಬಂದಿಳಿದರು, ಒಬ್ಬರೇ. ಅಮ್ಮ ಬಾಗಿಲಲ್ಲೇ ನಿಂತರು. ಕೊನೆಗೆ ಅವರು ಕೆಮ್ಮಿ, ನಾಲ್ಕು ತಿಂಗಳಿನಿಂದ ಹೊಟ್ಟೆ ಸರಿಯಿಲ್ಲ, ಡಾಕ್ಟರರ ಗುಳಿಗೆ ಹಿಡಿಯುವುದಿಲ್ಲ, ಪಂಡಿತರು ಮುದುಕರಿಗೆಂದು ಮಾಡುತ್ತಿದ್ದ ಆ ಕಪ್ಪು ಬೇರು ನಿನಗೆ ಮಾಡಲಿಕ್ಕೆ ಬರ್ತದಾ ಎಂದು ನನ್ನನ್ನು ಕೇಳಿದರು. ನಿಮ್ಮ ಕೈಯದೇ ಒಂದು ಹಿಡಿ ಹಳೆ ಶೀಸೆಯಲ್ಲಿ ಉಳಿದಿತ್ತು. ನಾನು ಮೂರು ಸಲ ತೂಗಿದೆ. ನೀವು ಹಾಕುತ್ತಿದ್ದುದರ ಅರ್ಧ ಮಾತ್ರ ತೆಗೆದುಕೊಂಡು, ತುಂಬ ಹೊತ್ತು ಕುದಿಸಿ ಲೋಟಕ್ಕೆ ಬಗ್ಗಿಸಿದೆ.

ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಮೂಸಿದರು. ಆಮೇಲೆ ನನ್ನ ಮುಂದೆ ಚಾಚಿ, "ಮೊದಲು ನೀನೊಂದು ಗುಟುಕು ಕುಡಿ" ಎಂದರು.

ಕುಡಿದೆ. ಅವರು ನನ್ನ ಗಂಟಲಿನಲ್ಲಿ ಅದು ಇಳಿಯುವುದನ್ನು ನೋಡಿದರು. ಅಮ್ಮ ಕಣ್ಣು ಕೆಳಗೆ ಹಾಕಿದರು. ಆಮೇಲೆ ಕಾಮತ್ ಮಾಮ ಲೋಟ ತೆಗೆದುಕೊಂಡು, ಕಣ್ಣುಮುಚ್ಚಿ, ನಿಲ್ಲಿಸದೆ ತಳದವರೆಗೂ ಕುಡಿದು, ಲೋಟವನ್ನು ನನ್ನ ಕೈಗೇ ಕೊಟ್ಟರು.

ಬರುವ ಭಾನುವಾರವೂ ಬರುತ್ತಾರಂತೆ. ಆವತ್ತು ಸಹ ಮೊದಲ ಗುಟುಕು ನಾನೇ ಕುಡಿಯುತ್ತೇನೆ ಅಪ್ಪ. ಅವರು ಬೇಡ ಎನ್ನುವವರೆಗೆ ಕುಡಿಯುತ್ತೇನೆ.

ನಿಮ್ಮ,
ಸುಮತಿ